ತಾತನ ಯೆಜ್ಡಿಗೆ ಹೊಸ ಕಾಯಿಲ್

ಹಳೇ ಮೋಟಾರ್ ಸೈಕಲ್ ಬೆಳಿಗ್ಗೆ ಹಟ ಹಿಡಿಯಿತೆಂದರೆ ಎಲ್ಲರ ಕೈ ಮೊದಲು ಹೋಗುವುದು ಪ್ಲಗ್ಗಿಗೆ. ಬಿಚ್ಚಿ, ಒರೆಸಿ, ಊದಿ, ಮತ್ತೆ ಹಾಕಿ ಒದ್ದರೂ ಎದ್ದೇಳದಿದ್ದರೆ ಅಪವಾದವೆಲ್ಲ ಇಗ್ನಿಷನ್ ಕಾಯಿಲ್ ತಲೆಗೆ. ‘ಕಾಯಿಲ್ ವೀಕಾಗಿದೆ, ಪವರ್‌ಫುಲ್ ಆಗಿರೋದು ಹಾಕ್ಸಿಬಿಡಿ’ ಎಂದು ಹೇಳಲು ಮೆಕ್ಯಾನಿಕ್ಕೇ ಆಗಬೇಕೆಂದಿಲ್ಲ, ದಾರಿಯಲ್ಲಿ ಹೋಗುವವರೂ ನಿಂತು ಹೇಳುತ್ತಾರೆ. ಮೈಸೂರಿನಲ್ಲಂತೂ ಇಂಥ ತಜ್ಞರಿಗೆ ಬರವಿಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾ, 1973ರ ನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಿದ್ದ ಗಾಡಿಗಳು ಈ ಊರಿನ ಪಾಲಿಗೆ ಮನೆಮಕ್ಕಳು.

ಅಂಥ ಒಂದು ಮನೆಯಲ್ಲಿ 1979ರ ಯೆಜ್ಡಿ ಇದೆ. ಅದರ ಯಜಮಾನರು ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಈಗ ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಮಂಜು, ಬೆರಳು ಸ್ವಲ್ಪ ನಡುಗುತ್ತವೆ. ಕಾರ್ಖಾನೆಗೆ ಬೀಗ ಬಿದ್ದ ವರ್ಷ ಅವರ ಮಗ ಡಿಗ್ರಿ ಓದುತ್ತಿದ್ದ. ‘ಸ್ಪ್ಯಾನರ್ ಮುಟ್ಟಿದರೆ ಜೋಕೆ, ಪುಸ್ತಕ ಹಿಡಿ’ ಎಂದು ಗದರಿದ್ದರು. ಮಗ ಪುಸ್ತಕ ಹಿಡಿದು ಬ್ಯಾಂಕು ಸೇರಿದರು. ಗಾಡಿ ಮುಟ್ಟಲಿಲ್ಲ. ಒಂದು ತಲೆಮಾರು ದಾಟಿ ಮೊಮ್ಮಗನಿಗೆ ಆ ಹುಚ್ಚು ಹಿಡಿಯಿತು. ಅವನು ಎರಡನೇ ಪಿಯುಸಿ, ಸೈನ್ಸು. ಸಿಇಟಿ ಹತ್ತಿರ ಬರುತ್ತಿರುವಾಗ ಹುಡುಗ ಭಾನುವಾರವೆಲ್ಲ ಎಣ್ಣೆಗೈಯಲ್ಲಿ ಕೂರುವುದನ್ನು ಕಂಡರೆ ಯಾವ ತಂದೆಗೆ ತಾನೇ ಸಮಾಧಾನ? ‘ಅಪ್ಪಾ, ನನಗೆ ಬೇಡ ಅಂದಿರಿ, ಅವನಿಗೆ ನೀವೇ ಕುಮ್ಮಕ್ಕು ಕೊಡ್ತೀರಲ್ಲ’ ಎಂದು ಒಂದು ದಿನ ಅವರು ಕೇಳಿಯೇಬಿಟ್ಟರು. ತಾತ ಉತ್ತರ ಕೊಡಲಿಲ್ಲ.

ಗಾಡಿಯ ಕಾಯಿಲೆ ಹೀಗೆ: ತಣ್ಣಗಿರುವಾಗ ಎರಡನೇ ಒದೆತಕ್ಕೆ ಏಳುತ್ತದೆ. ನಾಲ್ಕೈದು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ತಟಪಟ ಎಂದು ಕೆಮ್ಮಿ ನಿಲ್ಲುತ್ತದೆ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಹುಡುಗ ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ಒಂದು ಹೊಸ ಕಾಯಿಲ್ ತಂದ. ಡಬ್ಬಿಯ ಮೇಲೆ ಬೆಂಕಿಯ ಚಿತ್ರ, 40,000 ವೋಲ್ಟ್ ಎಂಬ ದಪ್ಪ ಅಕ್ಷರ. ಜೊತೆಗೊಂದು ಇರಿಡಿಯಂ ಪ್ಲಗ್. ಎರಡನ್ನೂ ಹಾಕಿ ಒದ್ದ. ಹತ್ತು ಸಲ ಒದ್ದ. ಮೊದಲಾದರೂ ತಣ್ಣಗಿದ್ದಾಗ ಏಳುತ್ತಿದ್ದ ಗಾಡಿ ಈಗ ಅದೂ ಇಲ್ಲ.

‘ಕಾಯಿಲ್ ಮೇಲೆ ಸಣ್ಣಕ್ಷರದಲ್ಲಿ ಏನು ಬರೆದಿದೆ, ಓದೋ ಮರಿ’ ಎಂದರು ತಾತ, ಜಗುಲಿಯಿಂದಲೇ.

‘ಹನ್ನೆರಡು ವೋಲ್ಟ್, ತಾತ.’

‘ನಮ್ಮ ಗಾಡಿ ಬ್ಯಾಟರಿ?’

‘ಆರು. ಅದಕ್ಕೇ ಹನ್ನೆರಡರದ್ದು ತಂದೆ, ಜಾಸ್ತಿ ಪವರ್ ಅಂತ.’

ತಾತ ಬೈಯಲಿಲ್ಲ. ‘ಓಮ್ಸ್ ಲಾ ಪರೀಕ್ಷೆಗೆ ಮಾತ್ರ ಅಂತ ನಿಮ್ಮ ಮೇಷ್ಟ್ರು ಹೇಳಿದ್ದಾರೇನೋ?’ ಎಂದರು.

ಹುಡುಗ ಮಲ್ಟಿಮೀಟರ್ ತಂದು ಅಳೆದ. ಹೊಸ ಕಾಯಿಲಿನ ಪ್ರೈಮರಿ ಸುತ್ತಿನ ರೋಧ 3 ಓಮ್, ಹಳೆಯದರದ್ದು ಒಂದೂವರೆ. ಆರು ವೋಲ್ಟಿಗೆ ಹಳೆಯದು 4 ಆಂಪಿಯರ್ ಎಳೆಯುತ್ತದೆ, ಹೊಸದು ಎರಡೇ. ಹನ್ನೆರಡು ವೋಲ್ಟಿನಲ್ಲಿ ನಾಲ್ಕು ಆಂಪಿಯರ್ ಸಿಗಲಿ ಎಂದು ಮಾಡಿದ ಕಾಯಿಲಿಗೆ ಅದರ ಅರ್ಧ ಕರೆಂಟು. ಕಾಯಿಲಿನೊಳಗೆ ಕಾಂತಕ್ಷೇತ್ರವಾಗಿ ಕೂಡಿಟ್ಟುಕೊಳ್ಳುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅರ್ಧ ಕರೆಂಟೆಂದರೆ ಅದಕ್ಕೆ ಸಿಗಬೇಕಾದ ಶಕ್ತಿಯ ಕಾಲು ಭಾಗ! ದುಡ್ಡು ಕೊಟ್ಟು ಕಿಡಿಯನ್ನು ಸೊರಗಿಸಿದಂತಾಯಿತು.

ಕಾಯಿಲಿನ ಕೆಲಸವಾದರೂ ಏನು? 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದೇ. ಮೆತ್ತನೆ ಕಬ್ಬಿಣದ ಮೇಲೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲಿನಂಥ ತಂತಿಯ ಹಲವು ಸಾವಿರ ಸುತ್ತು. ಪಾಯಿಂಟ್ ಮುಚ್ಚಿರುವಾಗ ದಪ್ಪ ಸುತ್ತಿನಲ್ಲಿ ಕರೆಂಟು ಹರಿಯುತ್ತದೆ. ಪಾಯಿಂಟ್ ಫಕ್ಕನೆ ತೆರೆದಾಗ ಕಾಂತಕ್ಷೇತ್ರ ಕುಸಿದು, ತೆಳು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು, ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರುತ್ತದೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ನಿಮಿಷಕ್ಕೆ 3000 ಸುತ್ತೆಂದರೆ ಸೆಕೆಂಡಿಗೆ 50 ಕಿಡಿ. ಇಲ್ಲೊಂದು ಗುಟ್ಟಿದೆ, ಅಂಗಡಿಯವರು ಹೇಳುವುದಿಲ್ಲ. ಡಬ್ಬಿಯ ಮೇಲೆ 40,000 ಎಂದಿದ್ದರೂ, ಪ್ಲಗ್ಗಿನ ಸಂದು 10,000 ವೋಲ್ಟಿಗೇ ಕಿಡಿ ಹಾರಿಸಿತೆಂದರೆ ವೋಲ್ಟೇಜು ಅಲ್ಲಿಂದ ಮೇಲಕ್ಕೆ ಏರುವುದೇ ಇಲ್ಲ. ಮಿಕ್ಕದ್ದು ಕಾಗದದ ಮೇಲಿನ ಹೆಚ್ಚುಗಾರಿಕೆ. ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳುತ್ತಿದ್ದರೆ ಕಿಡಿಯನ್ನು ಇನ್ನಷ್ಟು ದಪ್ಪ ಮಾಡಿದ್ದರಿಂದ ಗಾಡಿ ಜೋರಾಗಿ ಓಡುವುದಿಲ್ಲ.

ಹಳೇ ಕಾಯಿಲನ್ನೇ ಮತ್ತೆ ಹಾಕಿಸಿದ ತಾತ, ಅದರ ಬಾಯಿಯ ಹತ್ತಿರ ವೋಲ್ಟ್ ಎಷ್ಟಿದೆ ನೋಡು ಎಂದರು. ಪಾಯಿಂಟ್ ಮುಚ್ಚಿಟ್ಟು ನೋಡಿದರೆ ಬ್ಯಾಟರಿಯಲ್ಲಿ 6, ಕಾಯಿಲಿನಲ್ಲಿ ನಾಲ್ಕೂವರೆ. ಒಂದೂವರೆ ವೋಲ್ಟನ್ನು ದಾರಿಯಲ್ಲಿ ತಿಂದವರು ಯಾರು? ಹುಡುಗ ತಂತಿ ಹಿಡಿದು ಹೊರಟು ಇಗ್ನಿಷನ್ ಸ್ವಿಚ್ಚಿನಲ್ಲಿ ಹಸಿರು ಕಿಲುಬನ್ನೂ, ಬ್ಯಾಟರಿಯ ಅರ್ತ್ ತಂತಿಯ ಬುಡದಲ್ಲಿ ತುಕ್ಕನ್ನೂ ಹಿಡಿದ. ಎಲ್ಲ ಸೇರಿ ಅರ್ಧ ಓಮ್ ಅಷ್ಟೆ. ಮನೆಯ 230 ವೋಲ್ಟಿನ ಬಲ್ಬಿಗೆ ಅರ್ಧ ಓಮ್ ಲೆಕ್ಕಕ್ಕೇ ಇಲ್ಲ. ಆರು ವೋಲ್ಟಿನ ಬಡ ಸಂಸಾರದಲ್ಲಿ ಅದು ಕಾಲು ಭಾಗದ ಸೋರಿಕೆ. ಉಜ್ಜಿ, ಬಿಗಿ ಮಾಡಿದ ಮೇಲೆ ಕಾಯಿಲಿನ ಬಾಯಿಗೆ ಹೆಚ್ಚುಕಮ್ಮಿ ಪೂರ್ತಿ ಆರು ಬಂತು.

ಆದರೂ ಬಿಸಿಯಾದಾಗ ನಿಲ್ಲುವ ರೋಗ ಬಿಡಲಿಲ್ಲ. ಹೀಗಾಗಿ ಹುಡುಗ ಪೂರ್ತಿ ದಡ್ಡನೂ ಅಲ್ಲ ಎನ್ನಬೇಕು. ಗಾಡಿ ನಿಂತ ಜಾಗದಲ್ಲೇ ಪ್ಲಗ್ ಬಿಚ್ಚಿ, ಟೋಪಿ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ಒತ್ತಿ ಇಟ್ಟು ಒದ್ದು ನೋಡಿದಾಗ, ತಣ್ಣಗಿದ್ದಾಗ ನೀಲಿಯಾಗಿ ಚಟಚಟ ಎನ್ನುತ್ತಿದ್ದ ಕಿಡಿ ಕೆಂಪಗೆ, ನಿತ್ರಾಣವಾಗಿತ್ತು. ಬಿಸಿಗೆ ಒಳಗಿನ ತೆಳು ತಂತಿಯ ಇನ್ಸುಲೇಷನ್ ಸೋಲುತ್ತಿತ್ತು. (ಈ ಪರೀಕ್ಷೆ ಮಾಡುವವರು ಪ್ಲಗ್ಗನ್ನು ಸಿಲಿಂಡರಿನ ತೂತಿನಿಂದ ದೂರ ಇಡಬೇಕು, ಅಲ್ಲಿಂದ ಪೆಟ್ರೋಲಿನ ಆವಿ ಬರುತ್ತದೆ. ವೈರನ್ನು ಕೈಯಲ್ಲಿ ಹಿಡಿಯುವ ಶೌರ್ಯ ಬೇಡ.) ತಾತ ತಲೆಯಾಡಿಸಿ, ಆರು ವೋಲ್ಟಿನದೇ ಹೊಸ ಕಾಯಿಲ್ ತರಿಸಿದರು. ಈ ಸಲ ದುಡ್ಡು ಅವರ ಪೆನ್ಷನ್ನಿನದು.

ಪ್ಲಗ್ಗಿನ ವಿಷಯದಲ್ಲಿ ತಾತನೇ ಸ್ವಲ್ಪ ಸೋಲಬೇಕಾಯಿತು. ಅವರ ಕಾಲಕ್ಕೆ ಪ್ಲಗ್ ಎಂದರೆ ಮೈಕೋ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು. ಇರಿಡಿಯಂ ಎಂದರೆ ಬರೀ ಶೋಕಿ ಎಂದು ಅವರ ನಂಬಿಕೆ. ಆದರೆ ಸೂಜಿಯಂಥ ಮೊನೆಯಿಂದ ಕಿಡಿ ಸುಲಭವಾಗಿ ಹಾರುತ್ತದೆ, ಕಡಿಮೆ ವೋಲ್ಟಿಗೇ ಹಾರುತ್ತದೆ. ಅಷ್ಟು ತೆಳ್ಳಗಿದ್ದರೂ ಬೇಗ ಸವೆಯುವುದಿಲ್ಲ, ಇರಿಡಿಯಂ ಕರಗಲು 2400 ಡಿಗ್ರಿ ಸೆಲ್ಷಿಯಸ್ಸಿಗೂ ಮೇಲೆ ಬೇಕು. ಬಡ ಬ್ಯಾಟರಿಯ ಗಾಡಿಗೆ ಅದು ಉಪಕಾರವೇ. ಕುದುರೆಶಕ್ತಿ ಕೂಡಿಸುವುದಿಲ್ಲ ಎನ್ನುವುದೂ ನಿಜ. ನೋಡಬೇಕಾದದ್ದು ಪ್ಲಗ್ಗಿನ ಶಾಖದ ನಂಬರು. ಅಲ್ಲೊಂದು ತಮಾಷೆ: ಈಗಿನ ಬಾಷ್ ಪ್ಲಗ್ಗಿನಲ್ಲಿ ನಂಬರು ಏರಿದಷ್ಟೂ ಪ್ಲಗ್ ಬಿಸಿಯದು, ಎನ್‌ಜಿಕೆಯಲ್ಲಿ ನಂಬರು ಏರಿದಷ್ಟೂ ತಣ್ಣನೆಯದು. ಒಂದರ ನಂಬರು ನೆನಪಿಟ್ಟುಕೊಂಡು ಇನ್ನೊಂದನ್ನು ಕೊಂಡವರು ಕೆಟ್ಟರು. ತೀರ ತಣ್ಣನೆಯದಾದರೆ ಟೂ ಸ್ಟ್ರೋಕಿನ ಎಣ್ಣೆ ಸುಡದೆ ಮಸಿ ಕಟ್ಟುತ್ತದೆ, ತೀರ ಬಿಸಿಯದಾದರೆ ಪಿಸ್ಟನ್ನಿಗೇ ಕುತ್ತು. ಒಂದು ವಾರ ಓಡಿಸಿ ಬಿಚ್ಚಿದಾಗ ಮೊನೆಯ ಸುತ್ತಲಿನ ಬಿಳಿ ಪಿಂಗಾಣಿ ತಿಳಿ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಸರಿ.

ಕೊನೆಗೆ ಉಳಿದದ್ದು ಪಾಯಿಂಟಿನ ಸಂದು, ಸುಮಾರು 0.4 ಮಿಲಿಮೀಟರ್. ತಾತನ ಕಣ್ಣಿಗೆ ಅದು ಕಾಣದು. ಹುಡುಗ ಸ್ಕ್ರೂ ಬಿಗಿ ಮಾಡುವಷ್ಟರಲ್ಲಿ ಸಂದು ಜರುಗಿಬಿಡುತ್ತಿತ್ತು. ಎರಡು ಕೈಗೆ ಆಗುವ ಕೆಲಸವಲ್ಲ ಅದು. ಟಾರ್ಚ್ ಹಿಡಿಯಲೆಂದು ಬಂದಿದ್ದ ಬ್ಯಾಂಕಿನವರು ಟಾರ್ಚನ್ನು ತಂದೆಯ ಕೈಗೆ ಕೊಟ್ಟು, ಲುಂಗಿ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತರು. ಫೀಲರ್ ಗೇಜಿನ ಎಲೆ ಹಿಡಿದರು.

‘ಜಾರಬೇಕು, ಆದರೆ ಸಲೀಸಾಗಿ ಜಾರಬಾರದು. ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ’ ಎಂದರು ತಾತ.

‘ಹೀಗಾ ಅಪ್ಪಾ?’

‘ಇನ್ನೊಂದು ಚೂರು ಬಿಗಿ.’

ಅಂಗಡಿಯವನು ಕರೆಂಟಿನ ಸಾಮಾನು ವಾಪಸ್ ತಗೊಳ್ಳೋಲ್ಲ ಎಂದುಬಿಟ್ಟದ್ದರಿಂದ ಹನ್ನೆರಡು ವೋಲ್ಟಿನ ಕಾಯಿಲ್ ಬೆಂಕಿಯ ಚಿತ್ರದ ಡಬ್ಬಿಯೊಳಗೇ, ತಾತನ ಸ್ಪ್ಯಾನರುಗಳ ಪಕ್ಕದಲ್ಲಿ ಕೂತಿದೆ. ಯಾರಾದರೂ ಹನ್ನೆರಡು ವೋಲ್ಟಿನ ಗಾಡಿಯವರು ಕೇಳಿಕೊಂಡು ಬಂದರೆ ಮುಕ್ಕಾಲು ಬೆಲೆಗೆ ಕೊಡುವುದೆಂದು ಹುಡುಗ ತೀರ್ಮಾನಿಸಿದ್ದಾನೆ.