ಹೆದ್ದಾರಿಯ ಎಡಬದಿಯಲ್ಲಿ ಮೇಷ್ಟ್ರುಗಳು

2024ರ ಜನವರಿ 1, ಸೋಮವಾರ. ಸಿದ್ಧಗಂಗಾ ಬೆಟ್ಟದ ಬುಡದಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಮಠದ ಹುಡುಗರು ಬೆಳಗಿನ ಪ್ರಾರ್ಥನೆ ಮುಗಿಸಿ ಪ್ರಸಾದಕ್ಕೆ ಸಾಲುಗಟ್ಟಿ ಹೋಗುತ್ತಿದ್ದಾರೆ. ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ ದೊಡ್ಡವರ ಗುಂಪು ಬೆಳೆಯುತ್ತಲೇ ಇದೆ. ಬೀದರ್, ರಾಯಚೂರು, ಕಾರವಾರ, ಚಾಮರಾಜನಗರದ ಕಡೆಯಿಂದ ರಾತ್ರಿ ಬಸ್ಸಿಗೆ ಹೊರಟು ಬಂದವರು. ಹೆಗಲಿಗೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ. ಕೆಲವರು ನಡೆಯುವುದಕ್ಕೆಂದೇ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದಾರೆ. ಹೆಚ್ಚಿನವರ ಕಾಲಲ್ಲಿ ಕ್ಲಾಸಿಗೆ ಹೋಗುವ ಅದೇ ಚಪ್ಪಲಿ. ಇಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕಾಮರ್ಸ್ ಸರ್, ಹಿಸ್ಟರಿ ಮೇಡಂ, ಸುರಪುರದ ಸರ್. ವಾಟ್ಸ್‌ಆ್ಯಪ್ ಗುಂಪಿನಲ್ಲಿ ವರ್ಷಗಟ್ಟಲೆ ಮಾತಾಡಿದ ಇಬ್ಬರು ಇವತ್ತು ಮೊದಲ ಸಲ ಎದುರುಬದುರು ನಿಂತಿದ್ದಾರೆ. “ರಾತ್ರಿ ಹನ್ನೊಂದಕ್ಕ ಆದೇಶದ ಪಿಡಿಎಫ್ ಹಾಕಾವ್ರು ನೀವೇನ್ರೀ ಸರ?” ಎಂದು ಒಬ್ಬರು ಇನ್ನೊಬ್ಬರ ಕೈ ಹಿಡಿದುಕೊಂಡವರು ಬಿಡುತ್ತಲೇ ಇಲ್ಲ.

ಇವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು. ರಾಜ್ಯದಲ್ಲಿ ಅಂಥ ಕಾಲೇಜುಗಳು 400ಕ್ಕೂ ಹೆಚ್ಚು, ಅವುಗಳಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರು 10,000ಕ್ಕೂ ಹೆಚ್ಚು. ನವೆಂಬರ್ 23ರಿಂದ ತರಗತಿ ಬಹಿಷ್ಕರಿಸಿ ಧರಣಿ ಕೂತವರು ಈಗ ಬೆಂಗಳೂರಿನ ಫ್ರೀಡಂ ಪಾರ್ಕಿನವರೆಗೆ, ಸುಮಾರು 70 ಕಿಲೋಮೀಟರು, ನಡೆದೇ ಹೋಗುವುದೆಂದು ನಿರ್ಧರಿಸಿದ್ದಾರೆ. ಕೇಳುತ್ತಿರುವುದು ಸೇವಾ ಭದ್ರತೆ.

ಶಿವಕುಮಾರ ಸ್ವಾಮೀಜಿಯವರ ಗದ್ದುಗೆಗೆ ಕೈಮುಗಿದು ಹೊರಡುತ್ತೇವೆ. ಅನ್ನ, ಅಕ್ಷರ, ಆಸರೆ ಎಂದು 111 ವರ್ಷ ಬದುಕಿದ ಆ ಹಿರಿಯರ ಅಂಗಳದಿಂದ ಮೇಷ್ಟ್ರುಗಳ ನಡಿಗೆ ಶುರುವಾಗುವುದಕ್ಕೆ ಯಾರೂ ಕಾರಣ ಹೇಳಬೇಕಾಗಿಲ್ಲ. ಗುಂಪಿನಲ್ಲಿ ಇದೇ ಮಠದಲ್ಲಿ ಉಂಡು ಓದಿದವರೂ ಇದ್ದಾರೆ.

ಕ್ಯಾತಸಂದ್ರ ದಾಟುವಷ್ಟರಲ್ಲಿ ತಟ್ಟೆ ಇಡ್ಲಿಯ ಹೋಟೆಲುಗಳ ಮುಂದೆ ಹೊಸ ವರ್ಷದ ಕಾರುಗಳು ನಿಂತಿವೆ. ಹೆದ್ದಾರಿಗೆ ಬಂದ ಮೇಲೆ ನಡಿಗೆಗೆ ಒಂದು ಶಿಸ್ತು ಬರುತ್ತದೆ. ಎಡಬದಿ ಬಿಟ್ಟು ಯಾರೂ ಆಚೆ ಬರಬಾರದು. ಲಾರಿಗಳು ಬೀಸುವ ಗಾಳಿಗೆ ಬ್ಯಾನರು ಪಟಪಟ ಬಡಿಯುತ್ತದೆ. ಎನ್‌ಎಸ್‌ಎಸ್ ಕ್ಯಾಂಪು ನಡೆಸಿ ಅಭ್ಯಾಸವಿರುವ ಒಬ್ಬ ಸರ್ ಸೀಟಿ ಊದುತ್ತ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದಾರೆ. ಘೋಷಣೆ ಮುಂದಿನಿಂದ ಏಳುತ್ತದೆ. ಬಾಲದ ತುದಿಗೆ ಮುಟ್ಟುವ ಹೊತ್ತಿಗೆ ಮುಂದಿನವರು ಇನ್ನೊಂದು ಶುರು ಮಾಡಿರುತ್ತಾರೆ. “ಬೇಕೇ ಬೇಕು, ನ್ಯಾಯ ಬೇಕು!” ಪಾಠ ಹೇಳಿ ಪಳಗಿದ ಗಂಟಲುಗಳು. ಮೈಕು ಬೇಕಾಗಿಲ್ಲ.

ನನ್ನ ಪಕ್ಕದಲ್ಲಿ ರಾಯಚೂರು ಜಿಲ್ಲೆಯ ಹಿಸ್ಟರಿ ಮೇಡಂ ನಡೆಯುತ್ತಿದ್ದಾರೆ. ಪಿಎಚ್‌.ಡಿ. ಆಗಿದೆ, ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಆಗಿದೆ. ಎರಡು ಜಡೆಯ ಹುಡುಗಿಯ ಫೋಟೋ ಮೊಬೈಲಿನ ಮುಖದ ಮೇಲಿದೆ. “ನಂದು ಹದಿಮೂರು ವರ್ಷದ ಸರ್ವಿಸ್ ಐತ್ರಿ. ಪ್ರತಿ ವರ್ಷ ಆನ್‌ಲೈನ್ ಅರ್ಜಿ, ಪ್ರತಿ ವರ್ಷ ಕೌನ್ಸೆಲಿಂಗ್. ಸೆಮಿಸ್ಟರ್ ಮುಗೀತಂದ್ರ ಬಿಡುಗಡೆ. ಆ ತಿಂಗಳದಾಗ ಪಗಾರ ಇಲ್ಲ, ಬಾಡಿಗಿ ಮಾತ್ರ ಇರ್ತದ. ಮುಂದಿನ ವರ್ಷ ಖಾಯಂ ಇದ್ದವ್ರು ಯಾರರೆ ವರ್ಗ ಆಗಿ ಬಂದ್ರೋ, ನನ್ನ ಕಾರ್ಯಭಾರ ಅವ್ರಿಗೆ ಹೋತು.” ಹೇಳುವಾಗ ದನಿ ಏರುವುದಿಲ್ಲ. ಮಗಳು ಹುಟ್ಟಿದಾಗ ಎಷ್ಟು ಬೇಗ ಕ್ಲಾಸಿಗೆ ವಾಪಸಾದರು ಎಂದು ಕೇಳಿದೆ. “ಹೊಲಿಗಿ ಬಿಚ್ಚಿದ ವಾರಾನ ಹೋಗೇನ್ರೀ. ಇಲ್ಲಂದ್ರ ಆ ತಾಸು ಬ್ಯಾರೇಯವ್ರಿಗೆ ಕೊಡ್ತಿದ್ರು.” ನಾನು ಮುಂದೆ ಕೇಳಲಿಲ್ಲ.

ಇವರ ಸಂಬಳದ ಕಥೆಯನ್ನು ಇಲ್ಲೇ ಹೇಳಬೇಕು. ಇವರ ಸಂಘದ ಗಟ್ಟಿತನವೂ ಗಾಯವೂ ಇರುವುದು ಅದರಲ್ಲಿ. 2021ರ ಕೊನೆಯವರೆಗೆ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000. ಯುಜಿಸಿ 2019ರಲ್ಲೇ ಅತಿಥಿ ಉಪನ್ಯಾಸಕರಿಗೆ ಒಂದು ತರಗತಿಗೆ 1,500ರಂತೆ ತಿಂಗಳಿಗೆ 50,000ದವರೆಗೆ ಕೊಡಬಹುದೆಂದು ಪತ್ರ ಬರೆದಿತ್ತು. ಖಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700. ಅದೇ ಪಠ್ಯ, ಅದೇ ಬೋರ್ಡು, ಅದೇ ಉತ್ತರ ಪತ್ರಿಕೆಯ ಮೌಲ್ಯಮಾಪನ. 2021ರ ಡಿಸೆಂಬರಿನ ಧರಣಿಯ ನಂತರ, 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು: ಅರ್ಹತೆ ಮತ್ತು ಸೇವಾವಧಿ ನೋಡಿ 26,000ದಿಂದ 32,000. ದೊಡ್ಡ ಗೆಲುವು. ಆದರೆ ಅದೇ ಆದೇಶದಲ್ಲಿ ಒಬ್ಬೊಬ್ಬರ ಕಾರ್ಯಭಾರ ವಾರಕ್ಕೆ 15 ಗಂಟೆಯಾಯಿತು. ಮೊದಲು ಎಂಟು, ಹತ್ತು ಗಂಟೆಯಂತೆ ಹಂಚಿಕೊಂಡಿದ್ದ ಪಾಠ ಈಗ ಕಡಿಮೆ ಕೈಗಳಲ್ಲಿ ಮುಗಿಯುತ್ತದೆ. ಒಟ್ಟಿಗೆ ಧರಣಿ ಕೂತವರಲ್ಲಿ ಒಬ್ಬರಿಗೆ ಸಂಬಳ ಹೆಚ್ಚಿತು, ಪಕ್ಕದಲ್ಲಿ ಕೂತವರಿಗೆ ಕೆಲಸವೇ ಹೋಯಿತು.

ಇದನ್ನು ಯಾವ ಸಂಘವಾದರೂ ಹೇಗೆ ತಾಳಿಕೊಳ್ಳುತ್ತದೆ? ನೆರಳಿಗೆ ಕೂತಾಗ ಕಾಮರ್ಸ್ ಸರ್ ಹೇಳಿದ್ದು: “ಆ ವರ್ಷ ನಮ್ಮ ಕಾಲೇಜಿನಲ್ಲಿ ನಾಲ್ಕು ಜನದಲ್ಲಿ ಇಬ್ಬರು ಉಳಿದ್ವಿ. ಮೊದಲ ತಿಂಗಳ ಸಂಬಳ ಬಂದ ದಿನ ಆ ಇಬ್ಬರ ಮನೆಗೆ ಹೋಗೋಕೆ ನನಗೆ ಮುಖವೇ ಇರ್ಲಿಲ್ಲ. ಆಮೇಲೆ ನಾವಿಬ್ಬರೂ ಮಾತಾಡ್ಕೊಂಡು, ಅವರಿಗೆ ಬೇರೆ ಕೆಲಸ ಸಿಗೋವರೆಗೂ ತಿಂಗಳಿಗಿಷ್ಟು ಅಂತ ಕೊಟ್ವಿ. ಸಾಲ ಅಂತ ಬರ್ಕೊಳ್ಲಿಲ್ಲ.” ಅವರು ಹೇಳಿದ ಇಬ್ಬರಲ್ಲಿ ಒಬ್ಬರು ಈ ನಡಿಗೆಯಲ್ಲೂ ಇದ್ದಾರೆ, ಈಗ ಕಾಲೇಜಿನ ನೌಕರಿಯಲ್ಲಿ ಇಲ್ಲದಿದ್ದರೂ. ಸಂಘವೆಂದರೆ ಮನವಿಪತ್ರ, ಪದಾಧಿಕಾರಿಗಳು, ರಸೀದಿ ಪುಸ್ತಕ ಎಂದುಕೊಂಡವರು ಈ ರಸ್ತೆಯಲ್ಲಿ ಒಂದು ಮಧ್ಯಾಹ್ನ ನಡೆಯಬೇಕು. ಕೋವಿಡ್ ಕಾಲದಲ್ಲಿ ಕಾಲೇಜು ಮುಚ್ಚಿ, ಗೌರವಧನ ನಿಂತು, ಎಂ.ಎ. ಓದಿದವರು ಉದ್ಯೋಗ ಖಾತ್ರಿಯ ಕೆಲಸಕ್ಕೆ ಗುದ್ದಲಿ ಹಿಡಿದು ಹೋದಾಗ ಅಕ್ಕಿ ಬೇಳೆ ತಲುಪಿಸಿದ್ದು ಇದೇ ಗುಂಪುಗಳು. ಸದಸ್ಯರೊಬ್ಬರು ಆಸ್ಪತ್ರೆ ಸೇರಿದರೆ ರಾತ್ರೋರಾತ್ರಿ ಫೋನ್‌ಪೇ ಸಂಖ್ಯೆ ಹರಿದಾಡುತ್ತದೆ. ಕೆ-ಸೆಟ್ ಪಾಸಾದವರು ಪಾಸಾಗದವರಿಗೆ ಭಾನುವಾರ ಆನ್‌ಲೈನಿನಲ್ಲಿ ಪಾಠ ಹೇಳುತ್ತಾರೆ. ಮುಂದಿನ ಕೌನ್ಸೆಲಿಂಗಿನಲ್ಲಿ ಅದೇ ಹದಿನೈದು ಗಂಟೆಗೆ ಇಬ್ಬರೂ ಎದುರಾಳಿಗಳಾಗಬಹುದೆಂದು ಗೊತ್ತಿದ್ದೂ ಹೇಳುತ್ತಾರೆ. ನಾನು ಇದಕ್ಕಿಂತ ದೊಡ್ಡ ಒಗ್ಗಟ್ಟನ್ನು ಕಂಡಿಲ್ಲ.

ಹೊಂಗೆ ಮರಗಳ ಕೆಳಗೆ ಊಟದ ಗಂಟುಗಳು ಬಿಚ್ಚಿಕೊಂಡಿವೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪಕ್ಕದಲ್ಲಿ ಮಂಡ್ಯದವರ ಚಿತ್ರಾನ್ನ. ರೊಟ್ಟಿ ಮುರಿಯಲು ಬಾರದ ಮೈಸೂರು ಕಡೆಯ ಮೇಡಂಗೆ ರಾಯಚೂರಿನವರು ಹಿಂಡಿ ಸವರಿ ಸುರುಳಿ ಮಾಡಿ ಕೊಡುತ್ತಾರೆ. ಒಬ್ಬರ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಝುವಾಲಜಿ ಸರ್ ಹತ್ತಿ, ಮುಲಾಮು ಹಿಡಿದು ಕೂತಿದ್ದಾರೆ.

ಪೊಲಿಟಿಕಲ್ ಸೈನ್ಸ್ ಸರ್ ಒಬ್ಬರು ಊಟವಾದ ಮೇಲೆ ಪ್ಲಾಸ್ಟಿಕ್ ಫೈಲು ತೆಗೆದರು. ಒಳಗೆ ಹಳದಿ ಗೆರೆ ಎಳೆದ ಜೆರಾಕ್ಸ್: ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ಕೊಟ್ಟ ಉಮಾದೇವಿ ತೀರ್ಪು. ದೇಶದ ಗುತ್ತಿಗೆ ನೌಕರರೆಲ್ಲ ಇಂದಿಗೂ ಎದುರಿಸಬೇಕಾದ ಈ ತೀರ್ಪು ಹುಟ್ಟಿದ್ದು ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಮೊಕದ್ದಮೆಯಿಂದ. ನಿಯಮದಂತೆ ಸ್ಪರ್ಧೆಯಲ್ಲಿ ಆಯ್ಕೆಯಾಗದ ತಾತ್ಕಾಲಿಕ ನೌಕರರಿಗೆ, ಎಷ್ಟು ವರ್ಷ ದುಡಿದಿದ್ದರೂ, ಖಾಯಮಾತಿಯ ಹಕ್ಕಿಲ್ಲ ಎಂದಿತು ಪೀಠ. “ಆದ್ರೆ 53ನೇ ಪ್ಯಾರಾ ನೋಡಿ” ಎಂದರು ಸರ್, ಬೆರಳು ಗೆರೆಯ ಮೇಲಿಟ್ಟು. ಮಂಜೂರಾದ ಹುದ್ದೆಯಲ್ಲಿ, ಅರ್ಹತೆ ಇದ್ದು, ಕೋರ್ಟಿನ ಆದೇಶದ ಬಲವಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಮಾತ್ರ ಸಕ್ರಮಗೊಳಿಸುವುದನ್ನು ಪರಿಶೀಲಿಸಬೇಕು ಎಂಬ ಮಾತು ಅಲ್ಲಿದೆ. ಸುತ್ತ ಕೂತ ಹದಿನೈದಿಪ್ಪತ್ತು ಜನ ಬಾಗಿ ನೋಡುತ್ತಿದ್ದಾರೆ. “ಖಾಯಂ ಮಾಡೋಕೆ ಕಾನೂನು ಅಡ್ಡ ಬರುತ್ತೆ ಅಂತಾರೆ. ಸರಿ. ಪಶ್ಚಿಮ ಬಂಗಾಳದಲ್ಲಿ 2020ರಿಂದ ಇಂಥವರನ್ನ ಅರವತ್ತು ವರ್ಷದವರೆಗೆ ಮುಂದುವರಿಸ್ತಿದ್ದಾರೆ. ಖಾಯಂ ಬೇರೆ, ಭದ್ರತೆ ಬೇರೆ. ಸರ್ಕಾರ ಮನಸ್ಸು ಮಾಡಿದ್ರೆ ನಮಗೂ ಆ ದಾರಿ ಇದೆ.” ರಸ್ತೆಬದಿಯಲ್ಲಿ ಒಳ್ಳೆಯ ಪಾಠವೊಂದು ನಡೆದುಹೋಯಿತು. ಎದ್ದ ಪ್ರಶ್ನೆಗಳಿಗೆ ಅವರು ಸಾವಧಾನವಾಗಿ ಉತ್ತರಿಸಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದರು.

ಮುಂದಿನ ಚಹಾ ಅಂಗಡಿಯಲ್ಲಿ ಪೇಟ ಸುತ್ತಿದ ಯಜಮಾನರೊಬ್ಬರು ಸೀದಾ ಕೇಳಿಬಿಟ್ಟರು. “ಅಲ್ಲ ಮೇಷ್ಟ್ರೇ, ನೀವೆಲ್ಲ ಹಿಂಗೆ ರೋಡಿಗೆ ಬಂದ್ರೆ ನನ್ ಮೊಮ್ಮಗಳು ಪಾಠ ಕೇಳೋದ್ ಯಾವಾಗ? ಒಂದ್ ತಿಂಗ್ಳಿಂದ ಕಾಲೇಜಿಗೆ ಹೋಗಿ ಹೋಗಿ ವಾಪಸ್ ಬತ್ತಾವ್ಳೆ.”

ಯಾರೂ ಕೂಡಲೇ ಮಾತಾಡಲಿಲ್ಲ. ಈ ಪ್ರಶ್ನೆ ನ್ಯಾಯವಾದದ್ದು. ಅದನ್ನು ತಳ್ಳಿಹಾಕುವ ಹೋರಾಟ ಹೋರಾಟವಲ್ಲ. ಎಷ್ಟೋ ತಾಲ್ಲೂಕು ಕಾಲೇಜುಗಳಲ್ಲಿ ಒಂದೊಂದು ವಿಭಾಗಕ್ಕೆ ಖಾಯಂ ಇರುವವರು ಒಬ್ಬರೋ ಇಬ್ಬರೋ. ಉಳಿದ ಪಾಠವೆಲ್ಲ ಇವರದೇ. ಇವರು ನಿಂತರೆ ಕಾಲೇಜೇ ನಿಲ್ಲುತ್ತದೆ. ಅಲ್ಲಿ ಓದುವವರು ಖಾಸಗಿ ಕಾಲೇಜಿನ ಫೀಜು ಕಟ್ಟಲಾಗದ ಮನೆಯ ಮಕ್ಕಳು, ಬಹಳ ಮಂದಿ ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವ ಹೆಣ್ಣುಮಕ್ಕಳು. ಮಂಡ್ಯದ ಕನ್ನಡ ಸರ್ ಬೆಂಚಿನ ಮೇಲೆ ಯಜಮಾನರ ಪಕ್ಕ ಕೂತರು. “ನಿಮ್ ಮಾತು ಸರಿ ಯಜಮಾನ್ರೇ. ನಿಮ್ ಮೊಮ್ಮಗಳಿಗೆ ಜೂನ್‌ನಲ್ಲಿ ಪಾಠ ಶುರು ಮಾಡಿದೋನು ಮುಂದಿನ ಜೂನ್‌ಗೂ ಇರ್ತಾನೆ ಅನ್ನೋ ಖಾತ್ರಿ ಇಲ್ವಲ್ಲ, ಅದನ್ನೇ ಕೇಳಕ್ಕೆ ಹೊಂಟಿದೀವಿ. ತಪ್ಪಿದ್ ಪಾಠ ನಾವೇ ಮುಗಿಸ್ಕೊಡ್ಬೇಕು, ಮುಗಿಸ್ತೀವಿ.” ಯಜಮಾನರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಚಹಾದ ದುಡ್ಡು ಮಾತ್ರ ಅವರೇ ಕೊಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಮಾತು ಕಡಿಮೆಯಾಗಿದೆ. ಸಾಮಾನು ತುಂಬಿದ ಟೆಂಪೋ ಒಂದು ಮುಂದೆ ಹೋಗಿ ನಿಂತು, ಡ್ರೈವರ್ ಹುಡುಗ ಇಳಿದು ಓಡಿ ಬಂದ. “ಮೇಡಂ, ನಾನು ಮೇಡಂ, ಬಿ.ಎ., ಹೋದ ಬ್ಯಾಚು!” ಕಾಲು ಎಳೆಯುತ್ತಿದ್ದ ಎಕನಾಮಿಕ್ಸ್ ಮೇಡಂ ಅವನ ರೋಲ್ ನಂಬರನ್ನೇ ಹೇಳಿದರು. ಗಾಡಿಗೆ ಹತ್ತಿ ಎಂದು ಅವನು ಒತ್ತಾಯಿಸಿದ. ಅವರು ಬೇಡವೆಂದು ಎಲ್ಲರ ಬ್ಯಾಗುಗಳನ್ನು ಹತ್ತಿಸಿದರು.

ರಾತ್ರಿ ತಂಗಿದ ಕಡೆ, ಜಮಖಾನೆಯ ಮೇಲೆ ಕಾಲು ಚಾಚಿಕೊಂಡೇ ಸಭೆ. ಮೂರು ದಿನದ ಹಿಂದೆ, ಡಿಸೆಂಬರ್ 29ರಂದು, ಉನ್ನತ ಶಿಕ್ಷಣ ಸಚಿವ ಎಂ.ಸಿ. ಸುಧಾಕರ್ ಹೊಸ ಪ್ಯಾಕೇಜು ಪ್ರಕಟಿಸಿದ್ದಾರೆ: ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ವರ್ಷ ತುಂಬಿದವರಿಗೆ 5 ಲಕ್ಷದ ಇಡುಗಂಟು. ಸಣ್ಣದೇನಲ್ಲ. ಒಪ್ಪಿಕೊಂಡು ಕ್ಲಾಸಿಗೆ ಹೋಗೋಣ, ಉಳಿದದ್ದನ್ನು ಆಮೇಲೆ ಕೇಳೋಣ ಎಂದು ಒಬ್ಬರು ಹೇಳಿದರು. ಗದ್ದಲವಾಯಿತು. ಅವರನ್ನು ಕೂರಿಸಲು ಹೊರಟವರನ್ನು ಪೊಲಿಟಿಕಲ್ ಸೈನ್ಸ್ ಸರ್ ತಡೆದರು: “ಅವರ ಮಾತು ಪೂರ್ತಿ ಆಗ್ಲಿ.” ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ನವೆಂಬರಿನಿಂದ ಕೈಗೆ ಬಾರದ ಸಂಬಳ, ಅವರ ಮಾತಿನಲ್ಲಿ ಹೇಡಿತನ ಇರಲಿಲ್ಲ. ಎಲ್ಲರೂ ಕೇಳಿದರು.

ಆಮೇಲೆ ಹಿಸ್ಟರಿ ಮೇಡಂ ಗೋಡೆ ಹಿಡಿದು ಎದ್ದು ನಿಂತರು. “ಐದು ಲಕ್ಷ ಅರವತ್ತಕ್ಕ ಕೊಡ್ತಾರಂತ. ಭಾಳ ಛಲೋ. ಅರವತ್ತರ ತನಕ ನನ್ನ ಇಟ್ಕೊಳ್ತಾರಂತ ಎಲ್ಲಿ ಬರದಾರ? ನಡಬರಕ ಒಂದು ವರ್ಷ ಕಾರ್ಯಭಾರ ಇಲ್ಲ ಅಂದ್ರ ಆ ಇಡುಗಂಟು ಯಾರಿಗೆ? ರೊಕ್ಕ ಹೆಚ್ಚು ಮಾಡ್ರಿ ಅಂತ ನಾ ಬಂದಿಲ್ಲ. ಮುಂದಿನ ವರ್ಷ ನೀನ ಇದ್ದೀ ಅಂತ ಒಂದು ಸಾಲು ಬರದು ಕೊಡ್ರಿ.”

ಕೈ ಎತ್ತಿಸಿದಾಗ ಹೆಚ್ಚಿನವು ನಡಿಗೆಯ ಕಡೆಗೇ ಎದ್ದವು. ತಾಯಿಯನ್ನು ನೋಡಬೇಕಾದವರು ಬೆಳಿಗ್ಗೆ ಊರಿಗೆ ಹೋಗಲಿ, ಅವರನ್ನು ಯಾರೂ ಒಂದು ಮಾತೂ ಅನ್ನಬಾರದು ಎಂದೂ ತೀರ್ಮಾನವಾಯಿತು; ಬಸ್ ಚಾರ್ಜಿಗೆ ಖಜಾಂಚಿ ಆಗಲೇ ಎಣಿಸಿ ಕೊಟ್ಟರು. ಬುಧವಾರ, ಜನವರಿ 3, ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ. ಎಲ್ಲಿದ್ದರೆ ಅಲ್ಲಿ ರಸ್ತೆಯ ಬದಿಯಲ್ಲೇ ಆಚರಿಸುವುದು, ಮಾತಾಡುವವರೆಲ್ಲ ಮಹಿಳೆಯರೇ. ಕೊನೆಗೆ ಕನ್ನಡ ಸರ್ ಚಹಾ ಅಂಗಡಿಯ ಯಜಮಾನರಿಗೆ ಕೊಟ್ಟ ಮಾತನ್ನು ಸಭೆಯ ಮುಂದಿಟ್ಟರು. ಸರ್ಕಾರ ಏನೇ ಹೇಳಲಿ, ಕಾಲೇಜಿಗೆ ಮರಳಿದ ದಿನದಿಂದ ಭಾನುವಾರವೂ ತರಗತಿ ತೆಗೆದುಕೊಂಡು ಬಾಕಿ ಪಾಠ ಮುಗಿಸಬೇಕು. ಇದಕ್ಕೆ ಯಾರೂ ಕೈ ಎತ್ತಿಸಿ ಎಣಿಸಲಿಲ್ಲ. ಹಿಂದಿನ ಸಾಲಿನಿಂದ ಒಂದು ಪುಸ್ತಕ ಮುಂದಕ್ಕೆ ಬಂತು. ಯಾವ ಸೆಮಿಸ್ಟರಿಗೆ ಯಾವ ಘಟಕ ಉಳಿದಿದೆ ಎಂದು ಒಬ್ಬೊಬ್ಬರಾಗಿ ಬರೆಸತೊಡಗಿದರು, ಜಿಲ್ಲೆಯ ಪ್ರಕಾರ, ಬೀದರಿನಿಂದ ಶುರುಮಾಡಿ.