ಫೋನಿಗಷ್ಟ ಅಲ್ಲ, ಸಿಮ್ಮಿಗೂ ಕೀಲಿ ಹಾಕ್ರಿ

ಫೋನ್ ಕಳುವಾದ್ರ ಏನು ಹೋಗತದ ಅಂತ ಕೇಳ್ರಿ, ನಮ್ಮ ಓಣ್ಯಾಗ ಎಲ್ಲಾರೂ ಹೇಳೂದು ಒಂದ. ಹತ್ತ ಹನ್ನೆರಡು ಸಾವಿರದ ಸಾಮಾನು ಹೋಗತದ, ಫೋಟೋ ಹೋಗತಾವ, ಅಷ್ಟ. ಲಾಕ್ ಅದ ಅಲ್ಲ, ಒಳಗಿಂದು ಕಳ್ಳಗ ಹೆಂಗ ಕಾಣಬೇಕು?

ನಮ್ಮ ವೈನಿ ಫೋನಿಗೂ ಲಾಕ್ ಇತ್ತು. ಹೋದ ಶ್ರಾವಣದಾಗ ಬಸ್ ಹತ್ತೂ ಗದ್ದಲದಾಗ ಬ್ಯಾಗಿನ ಜಿಪ್ ತಗದು ಯಾರೋ ಹಾರಿಸಿದ್ರು. ಮಡಚೂ ಕವರ್ ಇರ್ತದ ನೋಡ್ರಿ, ಅದರ ಕಿಸೆದಾಗ ಎಟಿಎಂ ಕಾರ್ಡೂ ಇತ್ತು. ಮನ್ಯಾಗ ಎಲ್ಲಾರೂ "ಲಾಕ್ ಅದ, ಚಿಂತಿ ಬ್ಯಾಡ" ಅಂತ ಹೇಳಿ, ಸಂಜೀ ತನಕಾ ಅದ ನಂಬರಿಗೆ ರಿಂಗ್ ಮಾಡ್ಕೋತ ಕೂತ್ರು. ಅಷ್ಟೊತ್ತಿಗೆ ಪಿಂಚಣಿ ಖಾತೆದಾಗಿಂದ ಇಪ್ಪತ್ತೆಂಟು ಸಾವಿರ ಹೋಗಿತ್ತು.

ಆಗಿದ್ದಿಷ್ಟು. ಕಳ್ಳ ಲಾಕಿಗೆ ಕೈನ ಹಚ್ಚಿಲ್ಲ. ಸಿಮ್ ತಗದು ಬ್ಯಾರೆ ಫೋನಿಗೆ ಹಾಕ್ಯಾನ. ಕಾರ್ಡಿನ ನಂಬರ್, ಅವಧಿ, ಹಿಂದಿನ 3 ಅಂಕಿ ಎಲ್ಲಾ ಕಾರ್ಡಿನ ಮ್ಯಾಲೆ ಬರದಿರ್ತದ. ಆನ್‌ಲೈನ್ ಖರೀದಿಗೆ ಇನ್ನ ಬೇಕಾಗಿದ್ದು ಓಟಿಪಿ ಒಂದ. ಅದು ಫೋನಿಗೆ ಬರೂದಲ್ಲ, ಸಿಮ್ಮಿಗೆ ಬರೂದು. ಸಿಮ್ ಯಾರ ಕೈಯಾಗ ಇರ್ತದೋ ಅವರಿಗೆ ಬರತದ. ಅದ ಸಿಮ್ಮಿನ ಮ್ಯಾಲೆ ವೈನಿ ವಾಟ್ಸಾಪ್ ಚಾಲೂ ಮಾಡಿ ಇಬ್ಬರು ಬೀಗರಿಗೆ "ಅರ್ಜೆಂಟ್ ಅದ, ಐದು ಸಾವಿರ ಹಾಕ್ರಿ" ಅಂತ ಮೆಸೇಜೂ ಕಳಿಸಿದ್ದ. ಬೀಗರು ಶಾಣ್ಯಾರು, ಹಾಕಲಿಲ್ಲ.

ರೊಕ್ಕಕ್ಕಿಂತ ವೈನಿ ಅತ್ತಿದ್ದು ಅಣ್ಣನ ದನಿಗೆ. ಅವ ದವಾಖಾನಿಯಿಂದ ಕಳಿಸಿದ ವಾಯ್ಸ್ ಮೆಸೇಜ್ ಎಲ್ಲಾ ಅದರಾಗ ಇದ್ದವು. ಬ್ಯಾಕಪ್ ಇರಲಿಲ್ಲ. ನನ್ನ ಫೋನಿನಾಗ ಅಣ್ಣಂದು ನಾಕು ಸಿಕ್ಕವು, ಕಳಿಸಿಕೊಟ್ಟೆ. ಒಂದರಾಗ ಅವ ಬರೇ "ಚಹಾ ಆತೇನು?" ಅಂತ ಕೇಳ್ಯಾನ.

ಅದಕ್ಕ ಈಗ ನಮ್ಮನ್ಯಾಗ ಎರಡೂ ಫೋನಿಗೆ ಸಿಮ್ ಲಾಕ್ ಹಾಕೇನಿ. ಸೆಟ್ಟಿಂಗ್ಸಿನ ಒಳಗ ಸೆಕ್ಯುರಿಟಿ ಅಂತ ಇರೋ ಕಡೆ ಹುಡುಕ್ರಿ, ಸಿಮ್ ಲಾಕ್ ಅಂತ ಇರ್ತದ. ಒಂದೊಂದು ಫೋನಿನಾಗ ಒಂದೊಂದು ಕಡೆ. ಇದನ್ನ ಹಾಕಿದ್ರ ಸಿಮ್ ಬ್ಯಾರೆ ಫೋನಿಗೆ ಹಾಕಿದ ಕೂಡಲೆ ಪಿನ್ ಕೇಳತದ, ಕೊಡಲಿಲ್ಲಂದ್ರ ಸಿಮ್ ನಡೆಯೂದಿಲ್ಲ. ಆದ್ರ ಗಡಬಡಿ ಮಾಡಬ್ಯಾಡ್ರಿ. ಮೊದಲು ಕಂಪನಿಯವರು ಇಟ್ಟ ಪಿನ್ ಹಾಕಿ, ಆಮ್ಯಾಲೆ ನಮ್ಮದು ಇಟ್ಕೋಬೇಕು. ಆ ಮೊದಲಿನ ಪಿನ್ ಏನು ಅಂತ ಕಂಪನಿಯವರನ್ನ ಕೇಳೇ ಹಾಕ್ರಿ, ಊಹಾ ಮಾಡಬ್ಯಾಡ್ರಿ. 3 ಸಲ ತಪ್ಪಿದ್ರ ಸಿಮ್ ಬಂದ್. ಆಗ ಪಿಯುಕೆ ಅಂತ 8 ಅಂಕಿ ಬೇಕು. 10 ಸಲ ಅದೂ ತಪ್ಪಿದ್ರ ಆ ಸಿಮ್ ಸತ್ತಂಗ, ಹೊಸಾದ ತಗೋಬೇಕು.

ಫೋನ್ ಬಂದ್ ಮಾಡಿ ಚಾಲೂ ಮಾಡಿದಾಗೊಮ್ಮೆ ಪಿನ್ ಕೇಳತದ. ನಮ್ಮನಿಯವರು "ಎರಡೆರಡು ನಂಬರ್ ಯಾರು ನೆನಪಿಡಬೇಕು" ಅಂತ ಒಂದು ವಾರ ಗೊಣಗಿದ್ರು. ಕ್ರಿಕೆಟ್ಟಿನ ಸ್ಕೋರ್ ಎಲ್ಲಾ ನೆನಪಿರ್ತಾವ ಅವರಿಗೆ!

ಹುಟ್ಟಿದ ವರ್ಷ ಮಾತ್ರ ಪಿನ್ ಇಡಬ್ಯಾಡ್ರಿ. ನಮ್ಮ ಹೆಣ್ಣುಮಕ್ಕಳ ಪರ್ಸಿನಾಗ ಆಧಾರ ಕಾರ್ಡಿನ ಝೆರಾಕ್ಸ್ ಇರೂದ ಇರ್ತದ, ಅದರ ಮ್ಯಾಲೆ ಜನ್ಮ ತಾರೀಖು ಛಾಪಾ ಆಗಿರ್ತದ. ಲಾಕ್ ಇದ್ದಾಗೂ ಪರದೆ ಮ್ಯಾಲೆ ಮೆಸೇಜ್ ಕಾಣಸ್ತಾವ, ಅದನ್ನೂ ಬಂದ್ ಮಾಡ್ರಿ, ಇಲ್ಲಂದ್ರ ಸಿಮ್ ತಗೀದನೇ ಓಟಿಪಿ ಓದಬಹುದು. ವಾಟ್ಸಾಪಿಗೆ ಎರಡನೇ ಪಿನ್ ಅಂತ 6 ಅಂಕಿದು ಅದ, ಹಾಕ್ಕೋರಿ. ಮತ್ತ ಆ ಕಾರ್ಡು ಕವರಿನಾಗಿಂದ ಈಗ ಎದ್ದು ತಗೀರಿ, ನಾ ಕಾಯ್ತೀನಿ.

*#06# ಒತ್ತಿದ್ರ 15 ಅಂಕಿದು ಐಎಂಇಐ ನಂಬರ್ ಬರತದ. ನಾ ಹಾಲಿನ ಲೆಕ್ಕದ ವಹಿದಾಗ ಬರದಿಟ್ಟೇನಿ. ಫೋನಿನಾಗ ಬರದಿಟ್ರ ಏನು ಉಪಯೋಗ, ಹೇಳ್ರಿ? ಕಳುವಾದ್ರ ಮೊದಲು ಇನ್ನೊಬ್ಬರ ಫೋನಿನಿಂದ ಸಿಮ್ ಬಂದ್ ಮಾಡಸ್ರಿ, ಹಿಂದ ಬ್ಯಾಂಕಿಗೆ ಹೇಳಿ ಕಾರ್ಡು. ರೊಕ್ಕ ಹೋಗಿದ್ರ 1930ಕ್ಕ ಫೋನ್ ಹಚ್ರಿ, ಎಷ್ಟು ಲಗು ಹಚ್ಚತೀರೋ ಅಷ್ಟು ಛಲೋ. ಪೊಲೀಸ್ ಕಂಪ್ಲೇಂಟ್ ಕೊಟ್ಟು, ಅದ ನಂಬರಿನ ಸಿಮ್ ಮತ್ತ ತಗೊಂಡ ಮ್ಯಾಲೆ ಸರಕಾರದ ಸಂಚಾರ ಸಾಥಿಯೊಳಗ ಆ 15 ಅಂಕಿ ಹಾಕಿದ್ರ ಫೋನನ್ನೂ ಬಂದ್ ಮಾಡ್ತಾರ. 2023ರಿಂದ ದೇಶಕ್ಕೆಲ್ಲಾ ಈ ಅನುಕೂಲ ಅದ. ವೈನಿದು ಮಾಡಿಸೇವಿ. ರೊಕ್ಕದ್ದು ಬ್ಯಾಂಕಿನವರು ಇನ್ನೂ "ನೋಡ್ತೀವಿ" ಅಂತನ ಅನ್ಲಿಕ್ಕೆ ಹತ್ಯಾರ.

ಹಳೇ ಮೊಬೈಲ್ ಕೊಟ್ರ ಪ್ಲಾಸ್ಟಿಕ್ ಟಬ್ ಕೊಡೋವ ಓಣ್ಯಾಗ ಬರ್ತಾನಲ್ಲ, ಅವನ ಕೈಯಾಗ ಕೊಡೂಕಿಂತ ಮೊದಲೂ ಸಿಮ್, ಮೆಮರಿ ಕಾರ್ಡ್ ತಗದು ಫ್ಯಾಕ್ಟರಿ ರೀಸೆಟ್ ಮಾಡ್ರಿ. ಮಮ್ಮಕ್ಕಳ ಜಳಕದ ಫೋಟೋ ಸಮೇತ ಕೊಟ್ಟು ಟಬ್ ತಗೊಂಡಾರ ನಮ್ಮವರು.

ಸಿಮ್ ಲಾಕ್ ತಿಳೀಲಿಲ್ಲಂದ್ರ ಗುರುವಾರ ಭಜನಿ ಮುಗದ ಮ್ಯಾಲೆ ನಮ್ಮನಿಗೆ ಬರ್ರಿ, ಕೂಡೇ ಮಾಡೋಣು. ಸಿಮ್ ತಗೊಂಡಾಗ ಕೊಟ್ಟ ಪ್ಲಾಸ್ಟಿಕ್ ಕಾರ್ಡ್ ಇದ್ರ ತರ್ರಿ, ಪಿಯುಕೆ ಬಹಳ ಸಲ ಅದರ ಮ್ಯಾಲೇ ಇರ್ತದ.