ತಾಳಗುಂದದ ಕಂಬ, ಟೆಂಟಿನ ಪರದೆ

ಕನ್ನಡ ನಾಡಿನ ಅರಸರನ್ನು ನಮ್ಮ ಜನ ಪಠ್ಯಪುಸ್ತಕಗಳಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿ ಚಲನಚಿತ್ರದ ಪರದೆಯ ಮೇಲೆ ಕಂಡಿದ್ದಾರೆ. ಇತಿಹಾಸವನ್ನು ಬೋಧಿಸಿಯೇ ನಿವೃತ್ತನಾದ ನಾನು ಈ ಮಾತನ್ನು ಹೇಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಆದರೆ ಸತ್ಯ ಹಾಗೆಯೇ ಇದೆ. ರಣಧೀರ ಕಂಠೀರವ, ಇಮ್ಮಡಿ ಪುಲಿಕೇಶಿ, ಕೃಷ್ಣದೇವರಾಯ, ಮಯೂರ ಎಂದೊಡನೆ ಬಹುತೇಕರ ಕಣ್ಣ ಮುಂದೆ ನಿಲ್ಲುವ ಮುಖ ಒಂದೇ. ಅದು ಡಾ. ರಾಜ್‌ಕುಮಾರ್ ಅವರದು.

ಇದಕ್ಕೆ ಕಾರಣವನ್ನು ಆ ಕಾಲದಲ್ಲಿಯೇ ಹುಡುಕಬೇಕು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದು ರಾಜ್ಯವಾದವು. ಕಾನೂನು ನಕ್ಷೆಯನ್ನು ಬರೆಯಬಲ್ಲದು. 'ನಾವೆಲ್ಲ ಒಂದೇ' ಎಂಬ ಭಾವವನ್ನು ಬರೆಯಲಾರದು. ಆ ಕೆಲಸದ ಒಂದು ಪಾಲನ್ನು ಹಳ್ಳಿಯ ಟೆಂಟ್ ಸಿನಿಮಾಗಳು ಮಾಡಿದವು. 1960ರಲ್ಲಿ 'ರಣಧೀರ ಕಂಠೀರವ', 1961ರಲ್ಲಿ 'ಕಿತ್ತೂರು ಚೆನ್ನಮ್ಮ', 1967ರಲ್ಲಿ 'ಇಮ್ಮಡಿ ಪುಲಿಕೇಶಿ', 1970ರಲ್ಲಿ 'ಶ್ರೀ ಕೃಷ್ಣದೇವರಾಯ' ತೆರೆಗೆ ಬಂದವು. ಶ್ರೀರಂಗಪಟ್ಟಣ, ಕಿತ್ತೂರು, ಬಾದಾಮಿ, ಹಂಪಿ, ಹೀಗೆ ಒಂದೊಂದು ಸೀಮೆಯೂ ತನ್ನ ವೀರರನ್ನು ಇಡೀ ನಾಡಿಗೆ ಒಪ್ಪಿಸಿತು. ಹಳೆ ಮೈಸೂರಿನ ರೈತನ ಮಗ ಚೆನ್ನಮ್ಮನಿಗಾಗಿ ಕಣ್ಣೀರಿಟ್ಟ. ಧಾರವಾಡದ ಕಡೆಯ ಹುಡುಗ ಕಂಠೀರವನಿಗಾಗಿ ಚಪ್ಪಾಳೆ ತಟ್ಟಿದ. 1973ರಲ್ಲಿ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬರುವ ಹೊತ್ತಿಗೆ ಆ ಹೆಸರಿಗೊಂದು ಮುಖವೂ ಸಿದ್ಧವಾಗಿತ್ತು.

ಎರಡು ವರ್ಷಗಳ ನಂತರ, 1975ರಲ್ಲಿ, ದೇವುಡು ಅವರ ಕಾದಂಬರಿಯನ್ನು ಆಧರಿಸಿದ 'ಮಯೂರ' ಬಂದಿತು. ಬ್ರಾಹ್ಮಣನ ಮನೆಯಲ್ಲಿ ಬೆಳೆದ ತರುಣ ತಾನು ಕದಂಬ ರಾಜಕುಮಾರನೆಂದು ತಿಳಿದು, ಪಲ್ಲವರಿಂದ ರಾಜ್ಯವನ್ನು ಮರಳಿ ಪಡೆಯುವ ಕಥೆ ಅದು. ಆದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ನಿಂತಿರುವ ಕಲ್ಲಿನ ಕಂಬ ಹೇಳುವ ಕಥೆ ಬೇರೆ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಆ ಶಾಸನದ ಪ್ರಕಾರ ಮಯೂರಶರ್ಮನು ರಾಜಕುಮಾರನಲ್ಲ, ವೇದಾಧ್ಯಯನದ ಬ್ರಾಹ್ಮಣ ಕುಲದವನು. ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದವನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನು. ಕೊನೆಗೆ ಪಲ್ಲವರೇ ಅವನ ಪರಾಕ್ರಮವನ್ನು ಮನ್ನಿಸಿ, ಪಶ್ಚಿಮ ಸಮುದ್ರದಿಂದ ಆರಂಭವಾಗುವ ಸೀಮೆಯನ್ನು ಅವನಿಗೆ ಬಿಟ್ಟುಕೊಟ್ಟರು.

ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಕದಂಬರ ಪಾಠ ನಡೆಯುತ್ತಿತ್ತು. ಮನೆಯಲ್ಲಿ ತಮಿಳು ಮಾತನಾಡುವ ಹುಡುಗನೊಬ್ಬ ಮೆಲ್ಲನೆ ಎದ್ದು ನಿಂತು, "ಸಾರ್, ಪಲ್ಲವರು ಕೆಟ್ಟವರಾ?" ಎಂದು ಕೇಳಿದ. ಅದರ ಹಿಂದಿನ ವಾರವಷ್ಟೇ ಊರಿನಲ್ಲಿ 'ಮಯೂರ' ಮತ್ತೆ ಪ್ರದರ್ಶನಗೊಂಡಿತ್ತು. ಸಹಪಾಠಿಗಳು ಅವನನ್ನು 'ಪಲ್ಲವ' ಎಂದು ಕರೆಯತೊಡಗಿದ್ದರು. ನಾನು ಪಾಠವನ್ನು ನಿಲ್ಲಿಸಿ, ತಾಳಗುಂದದ ಶಾಸನದ ಸಾರವನ್ನು ಕರಿಹಲಗೆಯ ಮೇಲೆ ಬರೆದೆ. "ಮಯೂರಶರ್ಮ ಓದಲು ಹೋದದ್ದು ಎಲ್ಲಿಗೆ?" ಎಂದು ಕೇಳಿದಾಗ ಇಡೀ ತರಗತಿ "ಕಂಚಿಗೆ" ಎಂದಿತು. ಆ ದಿನದಿಂದ ಆ ಅಡ್ಡಹೆಸರು ಕೇಳಿಬರಲಿಲ್ಲ.

ಪರದೆಯ ಶಕ್ತಿ ರಾಜಕಾರಣದಲ್ಲಿ ಏನು ಮಾಡಬಲ್ಲದೆಂಬುದನ್ನು 1982 ತೋರಿಸಿತು. ವಿ.ಕೃ. ಗೋಕಾಕ್ ಸಮಿತಿಯ ವರದಿ ಜಾರಿಯಾಗಬೇಕು, ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂದು ಸಾಹಿತಿಗಳು ಆರಂಭಿಸಿದ್ದ ಚಳವಳಿಗೆ ರಾಜ್‌ಕುಮಾರ್ ಧುಮುಕಿದೊಡನೆ ಅದು ಜನಸಾಗರವಾಯಿತು. 1983ರ ಜನವರಿಯಲ್ಲಿ ಕಾಂಗ್ರೆಸ್ ಪಕ್ಷ ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಅದಕ್ಕೆ ನರಗುಂದದ ರೈತ ಬಂಡಾಯವೂ ಸೇರಿದಂತೆ ಕಾರಣಗಳು ಹಲವು. ಅದೇ ತಿಂಗಳು ಆಂಧ್ರದಲ್ಲಿ ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾದರು, ತಮಿಳುನಾಡಿನಲ್ಲಿ 1977ರಿಂದಲೇ ಎಂ.ಜಿ. ರಾಮಚಂದ್ರನ್ ಆ ಪೀಠದಲ್ಲಿದ್ದರು. ನಮ್ಮ ಅಣ್ಣಾವ್ರು ಮಾತ್ರ ಯಾವ ಪಕ್ಷವನ್ನೂ ಸೇರಲಿಲ್ಲ, ಚುನಾವಣೆಗೂ ನಿಲ್ಲಲಿಲ್ಲ. ಆದ್ದರಿಂದಲೇ ಅವರು ಎಲ್ಲ ಪಕ್ಷದವರಿಗೂ ಸಲ್ಲುವವರಾಗಿ ಉಳಿದರು ಎಂಬುದು ನನ್ನ ಅಭಿಪ್ರಾಯ.

ಆದರೆ ಅಭಿಮಾನಕ್ಕೆ ಇನ್ನೊಂದು ಮುಖವೂ ಉಂಟು. 2000ನೇ ಇಸವಿಯಲ್ಲಿ ವೀರಪ್ಪನ್ ಅವರನ್ನು ಅಪಹರಿಸಿದ ಆ 108 ದಿನಗಳಲ್ಲಿ, ಅಪರಾಧ ಒಬ್ಬ ಕಾಡುಗಳ್ಳನದಾದರೂ, ಬೆಂಗಳೂರಿನ ತಮಿಳು ಕುಟುಂಬಗಳು ಆತಂಕದಲ್ಲಿ ದಿನ ನೂಕಿದವು. 2006ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಶೋಕವೇ ಹಿಂಸೆಯಾಗಿ ತಿರುಗಿ ಕೆಲವರು ಪ್ರಾಣ ಕಳೆದುಕೊಂಡರು. ಅಭಿಮಾನಿಗಳನ್ನು 'ದೇವರು' ಎಂದು ಕರೆದು ಕೈಮುಗಿದ ಆ ವಿನಯವಂತನಿಗೆ ಇದು ತಕ್ಕ ವಿದಾಯವಾಗಿರಲಿಲ್ಲ.

ಈಗ ಕಾಲ ಬದಲಾಗಿದೆ. 2018ರ 'ಕೆ.ಜಿ.ಎಫ್.', 2022ರ 'ಕಾಂತಾರ' ತಮಿಳು, ತೆಲುಗು, ಹಿಂದಿಗಳಲ್ಲಿಯೂ ಮಾತನಾಡಿದವು. ಕಂಚಿಯ ಮಕ್ಕಳೂ ನಮ್ಮ ಕಥೆಗಳನ್ನು ನೋಡುತ್ತಿದ್ದಾರೆ. ನೆರೆಯವನನ್ನು ಖಳನನ್ನಾಗಿ ಮಾಡದೆಯೂ ನಾಡಿನ ಹಿರಿಮೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಯಾವುದಿದೆ? ಮೊಮ್ಮಕ್ಕಳಿಗೆ 'ಮಯೂರ'ವನ್ನು ಅವಶ್ಯವಾಗಿ ತೋರಿಸಿ. ಅದು ಸೊಗಸಾದ ಚಿತ್ರ. ಬಿಡುವಾದಾಗ ಒಮ್ಮೆ ಅವರನ್ನು ತಾಳಗುಂದಕ್ಕೂ ಕರೆದುಕೊಂಡು ಹೋಗಿ ಎಂಬುದಷ್ಟೇ ಈ ಹಳೆಯ ಮೇಷ್ಟರ ವಿನಂತಿ.